ಪಂಪಣ್ಣನ ನೀಲಿ ಮೀಸೆ

ಪಂಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮಾಡಿನ ಶೆಡ್ಡುಗಳಲ್ಲಿ ಇಪ್ಪತ್ತಾರು ವರ್ಷ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ಓಡಾಡಿದ್ದಕ್ಕೆ ಹೂ ಕೊಯ್ಯುವ ಹೆಂಗಸರು ಇಟ್ಟದ್ದು. ಅದು ಎಷ್ಟು ಅಂಟಿಕೊಂಡಿತ್ತೆಂದರೆ, ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಅವರಿಗೆ ತಮ್ಮ ಕೆಲಸದ ಬಗ್ಗೆ ಹೆಮ್ಮೆ, ಬಿಳಿ ಮೀಸೆಯ ಬಗ್ಗೆ ಇನ್ನೂ ಹೆಮ್ಮೆ. ಔಷಧಿಯನ್ನು ಕಣ್ಣಳತೆಯಲ್ಲೇ ಸುರಿಯುವರು, ಕೋಲು ಕೈಗೆ ಸಿಗದಿದ್ದರೆ ಬರಿಗೈಯಲ್ಲೇ ಕದಡುವರು, ನಳಿಕೆಯ ತೂತು ಕಟ್ಟಿಕೊಂಡರೆ ಬಾಯಿಟ್ಟು ಊದುವರು. ಮೂಗಿಗೊಂದು ಕರವಸ್ತ್ರ ಸುತ್ತಿದರೆ ಅವರ ಜಾಗ್ರತೆ ಮುಗಿಯಿತು. ಸಂಜೆ ತಲೆ ಸಿಡಿದರೆ ತಪ್ಪನ್ನು ಬಿಸಿಲಿನ ಮೇಲೆ ಹಾಕುವರು.

ಮಗಳು ಆಸ್ಪತ್ರೆಯಿಂದ ಕೂಸನ್ನು ಎತ್ತಿಕೊಂಡು ಮನೆಗೆ ಬಂದ ದಿನ ತಕರಾರು ಶುರುವಾಯಿತು. ಮಗಳು, ಅಳಿಯ ಇದ್ದದ್ದು ಅದೇ ಮನೆಯ ಮಹಡಿಯಲ್ಲಿ. ಅಳಿಯ ಬೀದಿಯ ತುದಿಯಲ್ಲಿ ಲಾಂಡ್ರಿ ಇಟ್ಟಿದ್ದ. ಪಂಪಣ್ಣ ಕೆಲಸದಿಂದ ಬಂದವರೇ ಚಪ್ಪಲಿ ಬಿಟ್ಟು, ಹಿತ್ತಲ ನಲ್ಲಿಯಲ್ಲಿ ಕೈ ತೊಳೆದು, ಎರಡೂ ತೋಳು ಚಾಚಿದರು. ಮಗಳು ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ಅಪ್ಪ, ಮೊದಲು ಆ ಬಟ್ಟೆ ತೆಗಿ. ತಲೆಗೂ ಸೋಪು ಹಾಕಿ ಸ್ನಾನ ಮಾಡು. ಆಮೇಲೆ ಎತ್ಕೋ."

"ಕೈ ತೊಳೆದಿದ್ದೀನಲ್ಲಮ್ಮ. ನಿನ್ನನ್ನೂ ಹೀಗೇ ಎತ್ತಿ ಆಡಿಸಿದ್ದು. ನಿನಗೇನಾಯ್ತು?"

"ಏನೂ ಆಗಲಿಲ್ಲ ಅನ್ನೋದು ನನ್ನ ಅದೃಷ್ಟ. ಇವಳಿಗೂ ಅಷ್ಟೇ ಅದೃಷ್ಟ ಇದೆಯಾ ಅಂತ ನಾನು ಪರೀಕ್ಷೆ ಮಾಡಲ್ಲ."

ಪಂಪಣ್ಣ ಮುಖ ಊದಿಸಿಕೊಂಡರು. ಸ್ನಾನಕ್ಕೇನು, ಐದು ನಿಮಿಷದ ಕೆಲಸ. ಆದರೆ ಮಾಡಿದರೆ ಸೋತ ಹಾಗಾಗುತ್ತದೆ. ಮೂರು ದಿನ ಸಂಜೆ ಬಾಗಿಲ ಬಳಿ ನಿಂತು, ಅಂಗಡಿಯ ಗಾಜಿನೊಳಗಿನ ಆಟಿಕೆ ನೋಡುವವರ ಹಾಗೆ ಮೊಮ್ಮಗಳನ್ನು ನೋಡಿದರು. ಕೂಸು ಆಕಳಿಸಿದರೆ ಇವರ ಬಾಯಿಯೂ ತೆರೆಯುತ್ತಿತ್ತು. ನಿಮ್ಮ ಹಟಕ್ಕೆ ಕೂಸು ದೊಡ್ಡದಾಗಿ ಶಾಲೆಗೆ ಹೋಗಿಬಿಡುತ್ತದೆ, ಆಮೇಲೆ ಎತ್ತಿಕೊಳ್ಳುವಿರಂತೆ ಎಂದು ಹೆಂಡತಿ ಒಳಗಿನಿಂದಲೇ ಹೇಳಿದಳು.

ದಾರಿ ತೋರಿಸಿದವನು ಅಳಿಯ. ಮದುವೆಯಾಗಿ ಮೂರು ವರ್ಷವಾದರೂ ಅವನು ಮಾವನ ಜೊತೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅವನು ಬಿಳಿ ಬಟ್ಟೆಗೆ ಹಾಕುವ ನೀಲಿಪುಡಿಯ ಪೊಟ್ಟಣ ಹಿಡಿದುಕೊಂಡು ಬಂದು ಅವರೆದುರು ನಿಂತ. ಔಷಧಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಈ ಜಗಳ ಎಂದ. ಔಷಧಿಯ ಬದಲು ನೀಲಿ ನೀರು ತುಂಬಿ, ಮಾವ ಬಿಳಿ ಬಟ್ಟೆ ತೊಟ್ಟು ದಿನದ ಹಾಗೆಯೇ ಒಂದು ಸಾಲು ಹೊಡೆಯಲಿ. ಕೈ ಬಿಟ್ಟು ಬೇರೆಲ್ಲೂ ನೀಲಿ ಬೀಳದಿದ್ದರೆ, ಕೈ ತೊಳೆದು ಕೂಸನ್ನು ಎತ್ತಿಕೊಳ್ಳಲಿ. ತನ್ನ ಹೆಂಡತಿಯನ್ನು ತಾನೇ ಒಪ್ಪಿಸುತ್ತೇನೆ ಎಂದ.

"ಬಿದ್ದರೆ?" ಎಂದು ಪಂಪಣ್ಣ ಕೇಳಿದರು.

"ಬಿದ್ದರೆ ಅವಳು ಹೇಳಿದ ಹಾಗೆ, ಮಾವ."

ಪಂಪಣ್ಣ ಮೀಸೆ ಸವರಿ ಒಪ್ಪಿಕೊಂಡರು. ತೋಟದ ಯಜಮಾನಿ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಪಂಪು ಕೊಟ್ಟಳು. ಮುದಿ ಗಿಡಗಳನ್ನು ಕೀಳಲು ಬಿಟ್ಟಿದ್ದ ಕೊನೆಯ ಶೆಡ್ಡು ಪರೀಕ್ಷೆಗೆ ಗೊತ್ತಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಹೂ ಕೊಯ್ಯುವ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲಿ ಪಂಪಣ್ಣ ಮದುಮಗನ ಹಾಗೆ ಹೆಜ್ಜೆ ಹಾಕುತ್ತ ಒಳಗೆ ಹೋದರು. ಅರ್ಧ ಸಾಲಿನಲ್ಲಿ, ಸರಿಯಾಗಿ ಕರಗದ ಪುಡಿ ನಳಿಕೆಗೆ ಸಿಕ್ಕಿಕೊಂಡಿತು. ಅವರು ಯೋಚಿಸಲೂ ಇಲ್ಲ. ಕರವಸ್ತ್ರ ಕೆಳಗೆಳೆದು, ನಳಿಕೆ ಬಿಚ್ಚಿ, ಬಾಯಿಗಿಟ್ಟು ಊದಿ, ಮತ್ತೆ ಮುಂದೆ ನಡೆದರು.

ಸಾಲು ಮುಗಿಸಿ ಹೊರಗೆ ಬಂದರು. ಒಬ್ಬಾಕೆ ಕಿಸಕ್ಕೆಂದಳು. ಅಷ್ಟೇ, ಕಟ್ಟೆ ಒಡೆಯಿತು.

ಮೀಸೆ ಅಪ್ಪಟ ನೀಲಿಯಾಗಿತ್ತು. ತುಟಿ, ಹಲ್ಲಿನ ಸಂದು, ಹುಬ್ಬು, ಕಿವಿಯ ಹಿಂಬದಿ, ಕತ್ತಿನ ಮಡಿಕೆ, ಯಾವುದನ್ನೂ ಬಿಟ್ಟಿರಲಿಲ್ಲ. ಎದೆಯೆತ್ತರದ ಗಿಡಗಳ ನಡುವೆ ನುಗ್ಗಿದ್ದರಿಂದ ಅಂಗಿಯ ಮುಂಭಾಗ ಒದ್ದೆ. ಪಂಪಿನ ಮುಚ್ಚಳದಿಂದ ಸೋರಿದ್ದು ಬೆನ್ನಿನುದ್ದಕ್ಕೂ ಇಳಿದು ಸೊಂಟದವರೆಗೆ ಪಟ್ಟೆ ಎಳೆದಿತ್ತು. ಅಳಿಯ ಕನ್ನಡಿ ಹಿಡಿದ. ಪಂಪಣ್ಣ ನೋಡಿಕೊಂಡರು. ಬಾಯಿ ತೆರೆದು ನಾಲಿಗೆ ಚಾಚಿದರು, ಅದೂ ನೀಲಿ. ಹೆಂಗಸರ ನಗು ಗಕ್ಕನೆ ನಿಂತಿತು, ಬೈಯುತ್ತಾರೇನೋ ಎಂದು. ಅವರು ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡಾಗ ಕಣ್ಣಿನ ಸುತ್ತಲೂ ನೀಲಿಯಾಯಿತು.

ನಗು ಇಳಿದ ಮೇಲೆ ಅವರು ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಸುತ್ತ ನೋಡಿದರು. ಹೊರಗೆ ಬಂದ ಮೇಲೆ ಮುಟ್ಟಿದ್ದ ನೀರಿನ ಬಾಟಲಿ, ಫೋನು, ಪಕ್ಕದ ಸ್ಕೂಟರಿನ ಹಿಡಿ, ಎಲ್ಲವೂ ಅವರ ಬೆರಳ ಗುರುತು ತೋರಿಸುತ್ತಿದ್ದವು.

"ಅಳಿಯಂದಿರೇ, ಇಪ್ಪತ್ತಾರು ವರ್ಷ ಇದನ್ನೇ ಹೊತ್ಕೊಂಡು ಮನೆಗೆ ಹೋಗಿದ್ದೀನಿ ಅನ್ನಿ" ಎಂದರು.

ಮರುದಿನ ಅವರೇ ಹೋಗಿ ಯಜಮಾನಿಯನ್ನು ಮೈ ಕಾಯುವ ಸಾಮಾನು ಕೇಳಿದರು. ಅವಳು ಉಗ್ರಾಣದ ಮೂಲೆ ತೋರಿಸಿದಳು. ರಬ್ಬರ್ ಗ್ಲೌಸು, ಗಮ್ ಬೂಟು, ಕಣ್ಣು ಮುಚ್ಚುವ ಕನ್ನಡಕ, ಔಷಧಿಯ ಗಾಳಿಯನ್ನು ಸೋಸುವ ಮಾಸ್ಕು, ಮೈತುಂಬ ಮುಚ್ಚುವ ಅಂಗಿ, ಎಲ್ಲ ಎರಡು ವರ್ಷದಿಂದ ಅಲ್ಲೇ ಇದ್ದವು. ಇದೆಲ್ಲ ಹೊಸಬರಿಗೆ ಎಂದು ಆಗ ಪಕ್ಕಕ್ಕಿಟ್ಟವರು ಇವರೇ. ಪಂಪಣ್ಣ ನಾಲಿಗೆ ಕಚ್ಚಿಕೊಂಡರು. ಮಾಸ್ಕಿನ ಫಿಲ್ಟರಿನ ಅವಧಿ ಮುಗಿದಿದ್ದರಿಂದ ಹೊಸದು ತರಿಸಿದರು.

ಸಂಜೆ ಔಷಧಿ ಡಬ್ಬಿಗಳ ಮೇಲಿನ ಚೀಟಿಯ ಫೋಟೋಗಳನ್ನು ಮಗಳ ಮುಂದಿಟ್ಟರು. ಆ ಸಣ್ಣ ಅಕ್ಷರಗಳನ್ನು ಅವರು ಎಂದೂ ಓದಿರಲಿಲ್ಲ. ಮಗಳು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೊಂದಾಗಿ ಓದಿದಳು: ಎಷ್ಟು ನೀರಿಗೆ ಎಷ್ಟು ಅಳತೆ, ಹೊಡೆದ ಮೇಲೆ ಎಷ್ಟು ಗಂಟೆ ಯಾರೂ ಒಳಗೆ ಹೋಗಬಾರದು. ಒಂದನ್ನಂತೂ ಅವರು ಬೇಕಾದ್ದರ ಒಂದೂವರೆ ಪಟ್ಟು ಸುರಿಯುತ್ತಿದ್ದರು. ಮಗಳು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟದ್ದನ್ನು ಉಗ್ರಾಣದ ಗೋಡೆಗೆ ಅಂಟಿಸಿದರು.

ಅಲ್ಲಿಂದ ಅವರ ದಿನಚರಿಯೇ ಬೇರೆಯಾಯಿತು. ಬೆಳಿಗ್ಗೆ ತಂಪಿನಲ್ಲೇ ಹೊಡೆದು ಮುಗಿಸುವರು. ನಳಿಕೆ ಕಟ್ಟಿಕೊಂಡರೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕುವರು. ಗ್ಲೌಸನ್ನು ಕೈಯಲ್ಲಿದ್ದಂತೆಯೇ ತೊಳೆದು ಆಮೇಲೆ ಕಳಚುವರು. ಯಜಮಾನಿ ಶೆಡ್ಡಿನ ಹಿಂದೆ ಸ್ನಾನದ ಕೋಣೆ ಕಟ್ಟಿಸಿದಳು. ಔಷಧಿಯ ಬಟ್ಟೆ ಅಲ್ಲೇ ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು, ಮನೆಯ ಬಟ್ಟೆಗೆ ತಾಕಬಾರದು ಎಂದು ಅಳಿಯ ಕಟ್ಟಪ್ಪಣೆ ಮಾಡಿದ. ಮಾಸ್ಕಿಗೆ ಮೀಸೆ ಅಡ್ಡ ಬಂದು ಅಂಚಿನಲ್ಲಿ ಗಾಳಿ ನುಸುಳುತ್ತಿತ್ತು. ಅಷ್ಟು ಮುದ್ದಿನ ಮೀಸೆಯನ್ನು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬೋಳಿಸಿಕೊಂಡರು. ಹೆಂಡತಿ ನೋಡಿ, ಹತ್ತು ವರ್ಷ ಹಿಂದಕ್ಕೆ ಹೋದಿರಲ್ಲ ಎಂದು ನಾಚಿದಳು.

ಅದೇ ದಿನ ಮಧ್ಯಾಹ್ನ ಪಂಪಣ್ಣ ಸ್ನಾನ ಮುಗಿಸಿ, ಒಗೆದ ಬಟ್ಟೆ ತೊಟ್ಟು, ಸೋಪಿನ ವಾಸನೆ ಹೊತ್ತು ಮನೆಗೆ ಬಂದರು. ಮಗಳು ಅವರ ಒದ್ದೆ ಕೂದಲು ನೋಡಿ ಮುಗುಳ್ನಕ್ಕು, ಕೂಸನ್ನು ತಂದು ಅವರ ತೋಳಿನಲ್ಲಿಟ್ಟಳು. ಕೂಸು ಬೋಳು ಮೇಲ್ದುಟಿಯನ್ನು ಪುಟ್ಟ ಬೆರಳುಗಳಿಂದ ತಡಕಿತು. ಚೆನ್ನಾಗಿ ತಡಕಲಿ ಎಂದು ಪಂಪಣ್ಣ ಮುಖ ಬಗ್ಗಿಸಿದರು. ಅಷ್ಟರಲ್ಲಿ ಎದೆಯ ಮೇಲೆ ಬೆಚ್ಚಗೆ ಏನೋ ಹರಿಯಿತು. ಅಳಿಯ ಟವೆಲು ತರಲು ಓಡಿದ.

"ಅವಸರ ಇಲ್ಲ, ಅಳಿಯಂದಿರೇ" ಎಂದರು ಪಂಪಣ್ಣ, ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಅವಚಿಕೊಳ್ಳುತ್ತ. "ಇದಕ್ಕೆ ಗ್ಲೌಸು ಬೇಡ."