ಹತ್ತು ಮಂದಿಯನ್ನು ಎತ್ತಿ ನಿಲ್ಲಿಸುವವರು

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ ಒಂದೂರಿನ ಹೆಬ್ಬಾಗಿಲಿಗೆ ಹತ್ತು ಮಂದಿ ಅಣ್ಣತಮ್ಮಂದಿರು ಕಾವಲಿದ್ದರು. ದಿನಾ ಒಬ್ಬ ಗುಂಡು ರಾಕ್ಷಸ ಉರುಳಿಕೊಂಡು ಬಂದು ಹತ್ತೂ ಜನರನ್ನು ಕೆಡವುತ್ತಿದ್ದ. ಅವನು ತಿರುಗಿ ನೋಡುವಷ್ಟರಲ್ಲಿ ಅವರು ಮೊದಲಿನಂತೆಯೇ ನಿಂತಿರುತ್ತಿದ್ದರು.

ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನನ್ನಜ್ಜಿ ಗಿರಿಜಮ್ಮ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದಳು. "ಕೆಡವಿದೋನು ಯಾರು ಅಂತ ಊರಿಗೇ ಗೊತ್ತು. ಎತ್ತಿ ನಿಲ್ಲಿಸಿದೋರು ಯಾರು, ಹೇಳು ನೋಡೋಣ." ನಾನು ಒಮ್ಮೆ ಗಾಳಿ ಎಂದೆ, ಒಮ್ಮೆ ಅವರಮ್ಮ ಎಂದೆ, ಜ್ವರ ಬಂದಿದ್ದ ದಿನ ಚಂದ್ರ ಎಂದೂ ಹೇಳಿದ್ದೆ. ಅಜ್ಜಿ ಯಾವುದಕ್ಕೂ ಹೂಂ ಅನ್ನಲಿಲ್ಲ.

ಗುರುಗ್ರಾಮದ ಮಾಲಿನಲ್ಲಿ ಮೊದಲ ಸಲ ಬೌಲಿಂಗ್ ಆಡಿದಾಗ ಆ ಅಣ್ಣತಮ್ಮಂದಿರನ್ನು ಕಣ್ಣಾರೆ ಕಂಡೆ. ಚೆಂಡು ಉರುಳುವ ಲೇನಿನ ತುದಿಯಲ್ಲಿ ಹತ್ತು ಪಿನ್ನು: ಬಿಳಿ ಅಂಗಿ, ಕುತ್ತಿಗೆಗೆ ಕೆಂಪು ಪಟ್ಟಿ. ಇಪ್ಪತ್ತಾರನೇ ವಯಸ್ಸಿಗೆ ವಿಮಾ ಕಂಪನಿಯ ಕೆಲಸ ಬಿಟ್ಟು, ನನ್ನದೇ ಬೌಲಿಂಗ್ ಕೇಂದ್ರ ತೆರೆಯಲು ಮುನಿರ್ಕಾದ ಅಂಚಿನಲ್ಲಿ ಮುಚ್ಚಿಹೋಗಿದ್ದ ಮದುವೆ ಹಾಲೊಂದನ್ನು ಹುಡುಕಿದೆ. ಸುತ್ತ ಎರಡು ವಿಶ್ವವಿದ್ಯಾಲಯ, ಬಾಡಿಗೆ ಕೋಣೆಗಳ ತುಂಬ ವಿದ್ಯಾರ್ಥಿಗಳು. ನಾಲ್ಕು ಲೇನ್ ಹಿಡಿಯುವಷ್ಟು ಉದ್ದಗಲವಿತ್ತು.

ಹಾಲಿನ ಮಾಲೀಕರಿಗೆ ಬಾಡಿಗೆ ಕರಾರಿನಲ್ಲಿ ಜಾಮೀನಾಗಿ ಅಪ್ಪನ ಸಹಿಯೂ ಬೇಕಿತ್ತು. ನನ್ನಪ್ಪ ಇಂದುಶೇಖರ ಕೇಂದ್ರ ಸಚಿವಾಲಯವೊಂದರ ಖರೀದಿ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವರು. ಸಹಿಗೆ ಅವರು ಷರತ್ತು ಹಾಕಿದರು: ಮಾರ್ಚ್ ಮೂವತ್ತೊಂದರೊಳಗೆ ಯಂತ್ರ ಆರಿಸಿ ಆರ್ಡರ್ ಕಳಿಸಬೇಕು, ಅದೂ ಕ್ರಮಬದ್ಧವಾಗಿ. ಆಗದಿದ್ದರೆ ಏಪ್ರಿಲ್ ಒಂದಕ್ಕೆ ಮಗಳು ಮುಖರ್ಜಿ ನಗರದ ಕೋಚಿಂಗ್ ಸೆಂಟರು ಸೇರಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಬೇಕು. ನಾನು ಮಾತು ಕೊಟ್ಟೆ.

ಲೇನಿನ ಹಲಗೆ, ಚೆಂಡು, ಬಾಡಿಗೆ ಬೂಟು ಎಲ್ಲ ಸಲೀಸಾಗಿ ತೀರ್ಮಾನವಾದವು. ಉಳಿದದ್ದು ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಯಂತ್ರ. ಇಪ್ಪತ್ತೆಂಟರ ಸಂಜೆ ಅಪ್ಪ ಹಸಿರು ಟ್ಯಾಗು ಕಟ್ಟಿದ ಫೈಲು ತಂದು ಮೇಜಿನ ಮೇಲಿಟ್ಟರು. ಮೂರು ಕೊಟೇಶನ್, ಒಂದು ತುಲನಾ ಪಟ್ಟಿ, ಅತಿ ಕಡಿಮೆ ದರದವನ ಸುತ್ತ ಕೆಂಪು ಗೆರೆ. ಅವರ ಕಚೇರಿಯ ಭಾಷೆಯಲ್ಲಿ ಅವನು ಎಲ್-ಒನ್. ಎಲ್-ಒನ್ ಸಿಕ್ಕಮೇಲೆ ಇನ್ನೇನು ನೋಡುವುದಿದೆ ಎಂಬುದು ಅಪ್ಪನ ವಾದ.

ನಾನು ಇನ್ನೂ ಯಂತ್ರ ಓಡಿದ್ದನ್ನೇ ನೋಡಿಲ್ಲ ಎಂದೆ. ಅಪ್ಪ ನಕ್ಕು, ಇದೇನು ಹೆಣ್ಣು ನೋಡುವ ಶಾಸ್ತ್ರವೇ ಎಂದರು. ಒಳಗಿನಿಂದ ಅಜ್ಜಿ, ಹಾಗಾದರೆ ಉಪ್ಪಿಟ್ಟು ಕಟ್ಟಿಕೊಂಡು ನಾನೂ ಬರುತ್ತೇನೆ ಎಂದಳು.

ಶನಿವಾರ ಮೂವರೂ ಮೆಟ್ರೋ ಹಿಡಿದು ನೋಯ್ಡಾಕ್ಕೆ ಹೋದೆವು. ಎಲ್-ಒನ್ ಎಂದರೆ ಚೌಧರಿ ಎಂಬ ದಪ್ಪ ಮೀಸೆಯ ವ್ಯಾಪಾರಿ. ಅವನ ಗೋದಾಮಿನಲ್ಲಿದ್ದದ್ದು ಹೊರದೇಶದಲ್ಲಿ ದುಡಿದು ಬಂದ ಹಳೆಯ ಯಂತ್ರ. ಪಿನ್ನುಗಳು ಮನಬಂದಂತೆ ಹಾರಿ ಬೀಳುತ್ತಿದ್ದವು, ಯಂತ್ರ ಅವನ್ನು ಬಾಚಿ ಮೇಲೊಯ್ದು ಹತ್ತನ್ನೂ ಒಟ್ಟಿಗೆ ಇಳಿಸುತ್ತಿತ್ತು. ಆ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಅಪ್ಪ ಪೆನ್ನಿನ ಮುಚ್ಚಳ ತೆಗೆದೇಬಿಟ್ಟರು.

"ಒಂದ್ಸಲ ಎತ್ತಿದ್ರೆ ಏನು ದೊಡ್ಡದು? ಇಪ್ಪತ್ತು ಸಲ ಬೀಳ್ಸು" ಎಂದಳು ಅಜ್ಜಿ, ಸ್ಟೂಲಿನ ಮೇಲೆ ಕೂತು.

ಹದಿಮೂರನೇ ಸಲಕ್ಕೆ ಒಳಗೆಲ್ಲೋ ಪಿನ್ನೊಂದು ಸಿಕ್ಕಿಕೊಂಡು ಯಂತ್ರ ನರಳಿ ನಿಂತಿತು. ನಾನು ಹಿಂದಕ್ಕೆ ಹೋಗಿ ನೋಡಿದೆ: ಪಟ್ಟಿ, ಹಲ್ಲುಚಕ್ರ, ಎಣ್ಣೆ, ನನ್ನ ಎತ್ತರದ ಕಬ್ಬಿಣದ ಕಾಡು. ಚೌಧರಿ ಕೈ ಹಾಕಬೇಡಿ ಎಂದ. ರಿಪೇರಿ ಬಲ್ಲವನು ಮುಂಬೈಯಲ್ಲಿದ್ದಾನಂತೆ, ಫೋನು ಮಾಡಿದರೆ ರೈಲು ಹತ್ತುತ್ತಾನಂತೆ.

ಭಾನುವಾರ ಫರೀದಾಬಾದ್, ಪಟ್ಟಿಯಲ್ಲಿ ಎರಡನೇ ಕಡಿಮೆ ದರದವನ ಅಂಗಡಿ. ಅಲ್ಲಿನ ಹೊಸ ಯಂತ್ರದಲ್ಲಿ ಪ್ರತಿ ಪಿನ್ನಿನ ನೆತ್ತಿಗೂ ಒಂದು ದಾರ ಕಟ್ಟಿತ್ತು. ಬಿದ್ದವನ್ನು ದಾರವೇ ಮೇಲಕ್ಕೆಳೆದು ಮತ್ತೆ ಇಳಿಸುತ್ತಿತ್ತು. ಅಪ್ಪ ಮುಖ ಸಿಂಡರಿಸಿದರು, ಇದು ಬೌಲಿಂಗ್ ಅಲ್ಲ, ಗೊಂಬೆಯಾಟ ಎಂದರು. ನನಗೂ ಒಳಗೊಳಗೇ ಬೇಸರ. ನನ್ನ ಕಾವಲುಗಾರರ ತಲೆಗೆ ದಾರ! ಸದ್ದು ಕೂಡ ತುಸು ಮಂಕು.

ಆದರೂ ಉರುಳಿಸಿದೆ. ಹದಿನೇಳನೇ ಸಲಕ್ಕೆ ಎರಡು ದಾರ ಹೆಣೆದುಕೊಂಡವು, ಕೆಂಪು ದೀಪ ಹತ್ತಿತು. ಅಂಗಡಿಯವನು ಏಳುವ ಮುಂಚೆಯೇ ನಾನು ಎದ್ದೆ.

"ಭಯ್ಯಾ, ನೀವು ಕೂತ್ಕೊಳಿ. ಹೇಗೆ ಅಂತ ಬಾಯಲ್ಲಿ ಹೇಳಿ ಸಾಕು" ಎಂದು ಹಿಂದಿಯಲ್ಲಿ ಹೇಳಿದೆ.

ಅವನು ಹೇಳಿದಂತೆ ಸ್ವಿಚ್ಚು ಆರಿಸಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಹಿಂದೆ ನುಗ್ಗಿದೆ. ಬಾಲ್ಯದಲ್ಲಿ ಅಜ್ಜಿಯ ಹೂವಿನ ದಾರ ಬಿಡಿಸಿದ ಬೆರಳುಗಳು. ಗಂಟು ಸಡಿಲವಾಯಿತು, ಸ್ವಿಚ್ಚು ಒತ್ತಿದೆ. ಹತ್ತೂ ಮಂದಿ ತೂಗಾಡುತ್ತ ಇಳಿದು, ಒಂದು ಸಲ ನಡುಗಿ, ನೆಟ್ಟಗೆ ನಿಂತರು. ಅಪ್ಪ ಗಡಿಯಾರ ನೋಡಿಕೊಂಡರು. ನಾಲ್ಕು ನಿಮಿಷ.

ಅಜ್ಜಿ ಡಬ್ಬಿ ಬಿಚ್ಚುತ್ತಿದ್ದಳು. "ಈಗ ಹೇಳು, ಎತ್ತಿದೋರು ಯಾರು?"

"ನಾನೇ" ಎಂದೆ.

"ಹೂಂ" ಎಂದು ಅಜ್ಜಿ ನನ್ನ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟಳು.

ಅಪ್ಪನಿಗೆ ಅಷ್ಟು ಸಾಲದು. ಎಲ್-ಒನ್ ಬಿಟ್ಟು ಎರಡನೆಯವನಿಗೆ ಕೊಡಲು ಫೈಲಿನಲ್ಲಿ ಕಾರಣ ಬೇಡವೇ ಎಂದು ದಾರಿಯುದ್ದಕ್ಕೂ ಗೊಣಗಿದರು. ಮರುದಿನ ಬೆಳಿಗ್ಗೆ, ಅದೇ ಮೂವತ್ತೊಂದನೇ ತಾರೀಕು, ನಾನು ಫೈಲಿಗೆ ಒಂದು ಹಾಳೆ ಸೇರಿಸಿದೆ. ಯಂತ್ರ ನಿಂತರೆ ಒಡತಿಯೇ, ಯಾರಿಗೂ ಕಾಯದೆ, ಹತ್ತು ನಿಮಿಷದೊಳಗೆ ಮತ್ತೆ ಓಡಿಸುವಂತಿರಬೇಕು ಎಂದು ಬರೆದೆ. ಕೆಳಗೆ ಒಂದು ಪ್ರಶ್ನೆ: ಯಂತ್ರಕ್ಕೆ ಏನೇನು ಬರಬೇಕೆಂದು ಬರೆಯುವ ಮೊದಲೇ ದರದ ಲಕೋಟೆ ಒಡೆದದ್ದು ಯಾವ ನಿಯಮದ ಪ್ರಕಾರ?

ಅಪ್ಪ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ಹೊಸ ಗುಮಾಸ್ತ ಇಂಥ ಫೈಲು ತಂದಿದ್ರೆ ಮುಖಕ್ಕೇ ಎಸೀತಿದ್ದೆ" ಎಂದರು. "ತಾಂತ್ರಿಕ ಪರೀಕ್ಷೆ ಮೊದಲು, ದರ ಆಮೇಲೆ. ತಪ್ಪು ನಂದೇ."

ಕೆಂಪು ಗೆರೆಯನ್ನು ಅಡ್ಡ ಹೊಡೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ಚೌಧರಿಯ ಹೆಸರಿನ ಮುಂದೆ ಅನರ್ಹ ಎಂದು ಬರೆದರು. ಕೊನೆಯ ಪುಟದಲ್ಲಿ ಪೂರ್ತಿ ಸಹಿ, ಕೆಳಗೆ ತಾರೀಕು. ಮೊಹರಿಲ್ಲವಲ್ಲ ಎಂಬ ಕೊರಗಿನಿಂದ ಒಂದು ಗಳಿಗೆ ಕೈ ತಡೆಯಿತು.

ನಾನು ಲ್ಯಾಪ್‌ಟಾಪ್ ತೆರೆದೆ. ನಾಲ್ಕು ಲೇನು, ನಾಲ್ಕು ದಾರದ ಯಂತ್ರ, ನಲವತ್ತು ಪಿನ್ನು. ಮತ್ತೊಮ್ಮೆ ಓದಿ ನೋಡಿ, ಫರೀದಾಬಾದಿಗೆ ಆರ್ಡರ್ ಕಳಿಸಿದೆ.