ಸೊರೈದಾಳ ಬಚ್ಚಲ ಕಿಟಕಿ

ಎಲ್ಲಿಂದ ಶುರು ಮಾಡಲಿ? ಬೂಷ್ಟಿನಿಂದಲೇ ಎಂದರೆ, ಅದು ಎಂದು ಶುರುವಾಯಿತೆಂದು ಕಂಡವರಿಲ್ಲ. ಒಂದು ಬೆಳಗ್ಗೆ ಷವರಿನ ಮೇಲಿನ ಮೂಲೆಯಲ್ಲಿ ಕರಿಎಳ್ಳು ಎರಚಿದ ಹಾಗಿತ್ತು, ಅಷ್ಟೆ.

(ಮೊದಲ ಕರಡಿನಲ್ಲಿ 'ನೆನಪುಗಳಂತೆ ಹಬ್ಬಿತ್ತು' ಎಂದು ಬರೆದಿದ್ದೆ. ಕಥೆಯ ನಾಯಕಿ ಸೊರೈದಾ ಓದಿಸಿ ಕೇಳಿದಳು. "ನೆನಪಿಗೆ ಯಾರಾದ್ರೂ ಬ್ಲೀಚ್ ಹಾಕಿ ಉಜ್ತಾರೇನ್ರೀ? ಬೂಷ್ಟು ಅಂತಲೇ ಬರೀರಿ." ಹೊಡೆದುಹಾಕಿದೆ.)

1. ಸೊರೈದಾ ಲೀಮಾ ನಗರದ ಬ್ರೆನ್ಯಾ ಬಡಾವಣೆಯಲ್ಲಿ, ಮೂರನೆಯ ಮಹಡಿಯಲ್ಲಿ, ಮೊಮ್ಮಗಳು ಮಾಯ್ತೆಯೊಂದಿಗೆ ಇದ್ದಾಳೆ. ಮಳೆಯೇ ಬಾರದ ಊರು; ಆದರೂ ಕಡಲ ಮಂಜಿಗೆ ಚಳಿಗಾಲದುದ್ದಕ್ಕೂ ಟವೆಲು ಒಣಗುವುದಿಲ್ಲ. ಮಾಯ್ತೆಗೆ ಕೆಮ್ಮು, ಎದೆಯಲ್ಲಿ ಸೀಟಿ. ಬೇರೆ ಊರಿನಲ್ಲಿ ನರ್ಸ್ ಆಗಿರುವ ಅವಳ ತಾಯಿ ಯೊವಾನಾ ಫೋನಿನಲ್ಲಿ ಹೇಳಿಬಿಟ್ಟಿದ್ದಾಳೆ: "ಮುಂದಿನ ತಿಂಗಳು ಬರ್ತೀನಮ್ಮ. ಆ ಕರಿ ಕಲೆ ಇನ್ನೂ ಅಲ್ಲೇ ಇದ್ರೆ ಮಗೂನ ಕರ್ಕೊಂಡು ಹೋಗ್ತೀನಿ."

2. ಬ್ಲೀಚ್ ಹಾಕಿ ಉಜ್ಜಿದಳು. ಹೋಯಿತು, ಬಂತು. ವಿನೆಗರ್ ಸುರಿದಳು. ಹೋಯಿತು, ಬಂತು. ಬಣ್ಣ ಬಳಿಸಿದಳು. ಬಣ್ಣದ ಮೇಲೇ ಬಂತು. (ಕಥೆ ಮುಂದೆ ಹೋಗುತ್ತಿಲ್ಲವೆಂದು ಬೈಯಬೇಡಿ. ಬೂಷ್ಟಿನ ಕಥನಶೈಲಿಯೇ ಹೀಗೆ.)

ಬಚ್ಚಲಿಗಿದ್ದದ್ದು ಒಂದೇ ಕಿಟಕಿ. ಅದು ಕಟ್ಟಡದ ನಡುವೆ ಗಾಳಿಗೆಂದು ಬಿಟ್ಟ ಬಾವಿಯಂಥ ಕಿಂಡಿಗೆ ತೆರೆಯುತ್ತದೆ. ಅದಕ್ಕೆ ಟೇಪು ಮೆತ್ತಿತ್ತು. ನನಗೆ ಕುತೂಹಲ. ಕೆಳಗಿನ ಮಹಡಿಯಲ್ಲಿ ಹಳೆಯ ಪ್ರಿಯಕರನಿದ್ದಾನೆ, ಅವನ ದನಿ ಕೇಳಬಾರದೆಂದೇ ಟೇಪು ಎಂದು ಎರಡು ಪುಟ ಬರೆದೆ.

"ಕೆಳಗಿರೋದು ಹಲ್ಲಿನ ಡಾಕ್ಟ್ರು, ಅವ್ರಿಗೆ ಕಿವಿ ಬೇರೆ ಕೇಳ್ಸಲ್ಲ," ಎಂದಳು ಸೊರೈದಾ. "ಬಿಸಿನೀರು ಹುಯ್ಕೊಂಡ ಮೈಗೆ ಆ ಗಾಳಿ ಬಡಿದ್ರೆ ಬಾಯಿ ಸೊಟ್ಟಗಾಗತ್ತೆ. ನಮ್ಮ ದೊಡ್ಡಮ್ಮನಿಗೆ ಆಯ್ತಲ್ಲ!"

ಎರಡು ಪುಟ ಬುಟ್ಟಿಗೆ.

"ಸ್ನಾನ ಮಾಡಿದವರು ಹೊರಗೆ ಬಂದಮೇಲೆ, ಮಾಡದೆ ಇರೋರು ಹೋಗಿ ತೆಗೀಬಹುದಲ್ಲ?" ಎಂದೆ.

ಅವಳು ಯೋಚಿಸಿದಳು. ಪಾತ್ರವೊಂದು ನನ್ನ ಮಾತು ಕೇಳಿದ್ದು ಅದೇ ಮೊದಲು. ಟೇಪು ಕಿತ್ತಳು. ಮಾಯ್ತೆ ಮಿಂದ ಮೇಲೆ ಗೋಡೆ ಒರೆಸಿ ಕಿಟಕಿ ತೆಗೆಯುವಳು. ತನ್ನ ಸ್ನಾನವಾದರೆ ತಲೆ ಪೂರ್ತಿ ಒಣಗಿದ ಮೇಲೆ. ಬೂಷ್ಟು ಹೋಯಿತು. ಬರಲಿಲ್ಲ.

4. (ಮೂರನೆಯದು ಬುಟ್ಟಿಯಲ್ಲಿದೆ.) ಯೊವಾನಾ ಬಂದಳು. ಮೂಲೆಮೂಲೆ ಮೂಸಿದಳು.

"ಚೆನ್ನಾಗೇ ಇದೆ. ಆದ್ರೆ ನಾನು ಹೋದ ತಕ್ಷಣ ಕಿಟಕಿ ಮತ್ತೆ ಮುಚ್ಚಲ್ಲ ಅಂತ ಏನು ಗ್ಯಾರಂಟಿ? ನಿನ್ನ ಆ ಸೊಟ್ಟ ಬಾಯಿ ಪುರಾಣ ನನಗೆ ಗೊತ್ತಿಲ್ವಾ?"

ಹಾಗೆಂದು ಮಗಳನ್ನು ಕರೆದುಕೊಂಡು ಸ್ನಾನಕ್ಕೆ ಹೋದಳು.

ಮುಕ್ತಾಯ ಅ: ಮಾಯ್ತೆಯ ಬಟ್ಟೆಗಳು ಪೆಟ್ಟಿಗೆಗೆ ಸೇರುತ್ತವೆ. ಮುಕ್ತಾಯ ಆ: ಸೇರುವುದಿಲ್ಲ. ಎರಡೂ ಬರೆದಿಟ್ಟಿದ್ದೆ. ಅಷ್ಟರಲ್ಲಿ ತಾಯಿಮಗಳು ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದರು.

"ಅಮ್ಮಾ, ಕಿಟಕಿ ತೆಗಿ. ಹಬೆ ತುಂಬಿದೆ."

"ಇಸ್ತ್ರಿ ಮಾಡ್ತಾ ಇದ್ದೀನಿ ಕಣೇ, ಕೈ ಕಾದಿದೆ. ತಣ್ಣನೆ ಗಾಳಿಗೆ ಒಡ್ಡಿದ್ರೆ ಬೆರಳು ಸೆಟೆದುಕೊಳ್ಳತ್ತೆ. ನೀನೇ ತೆಗಿ."

"ನಾನಾ? ಒದ್ದೆ ತಲೇಲಾ?" ಎಂದಳು ನರ್ಸ್ ಯೊವಾನಾ. ಎಂದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ಸೊರೈದಾ ನಗಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, "ಇದನ್ನೂ ಬರ್ಕೊಳ್ರಿ," ಎಂದಳು. ಮಾಯ್ತೆ ಕೆಮ್ಮಿದಳು. ಮೂವರೂ ನನ್ನತ್ತ ತಿರುಗಿದರು.

ನನ್ನ ತಲೆ ಒಣಗಿದೆ, ಕೈ ತಣ್ಣಗಿದೆ. ಆದರೆ ಈ ಊರಿನ ಅನ್ನ ತಿಂದು ಮುಪ್ಪಾದವನು ನಾನು, ಮೇಲಾಗಿ ಈಗಷ್ಟೇ ಬಿಸಿ ಸೂಪು ಕುಡಿದಿದ್ದೇನೆ. ಹಬೆ ಚಾವಣಿ ಮುಟ್ಟುತ್ತಿದೆ. ಓದುಗರೇ, ನೀವು ಹೇಗೂ ತಣ್ಣಗೆ ಕೂತಿದ್ದೀರಿ. ಸ್ವಲ್ಪ ಎದ್ದು ಬಂದು ಆ ಕಿಟಕಿ