ಕಟ್ ಅಂದ ಮೇಲಿನ ಇಪ್ಪತ್ತೆರಡು ನಿಮಿಷ

ಎಡಗಿವಿಗೆ ಫ್ಯಾನು, ಬಲಗಿವಿಗೆ ಅವ್ವ — ಈ ಹೆಡ್‌ಫೋನಿನ ಒಂದು ಕಿವಿ ಸತ್ತು ಎಷ್ಟು ಸೆಮಿಸ್ಟರ್ ಆಯಿತೋ, ಕಾಲೇಜಿನವರಿಗೆ ಅದನ್ನು ಎಸೆಯಲೂ ಮನಸ್ಸಿಲ್ಲ, ರಿಪೇರಿ ಮಾಡಿಸಲೂ ಮನಸ್ಸಿಲ್ಲ, ಹಾಗಾಗಿ ಗಂಗೋತ್ರಿಯ ಎಡಗಿವಿಯಲ್ಲಿ ಲ್ಯಾಬಿನ ಫ್ಯಾನು ಕಿರ್ ಕಿರ್ ಅನ್ನುತ್ತದೆ, ಬಲಗಿವಿಯಲ್ಲಿ ತನ್ನೂರು ಬಂಡ್ರಿಯ ಬಿಸಿಲಲ್ಲಿ ಕೂತ ಅವ್ವ ಅದಿರಿನ ಕಲ್ಲು ಒಡೆಯುತ್ತಾಳೆ, ಟಣ್, ಟಣ್, ಮತ್ತೆ ಕಿರ್, ಇದರಲ್ಲಿ ಯಾವ ಸೌಂಡ್ ಹಿಡಿಯುವುದು, ಯಾವುದನ್ನು ಬಿಡುವುದು, ಐದು ಗಂಟೆಗೆ ಶನಿವಾರದ ಕಾಲೇಜು ಸ್ಪರ್ಧೆಗೆ ಸಿನಿಮಾ ಒಪ್ಪಿಸಬೇಕು, ಈಗಲೇ ಎರಡೂವರೆ, ಹತ್ತು ನಿಮಿಷದ ಸಿನಿಮಾಕ್ಕೆ ಹತ್ತು ದಿನದಿಂದ ತಲೆ ಚಚ್ಚಿಕೊಂಡದ್ದಾಗಿದೆ, ಒಂಬತ್ತು ನಿಮಿಷ ಜೋಡಿಸಿಯಾಗಿದೆ, ಉಳಿದಿರುವುದು ಕೊನೆಯ ಒಂದೇ ನಿಮಿಷ, ಆ ಒಂದು ನಿಮಿಷವೇ ಗಂಟಲಲ್ಲಿ ಸಿಕ್ಕ ಮುಳ್ಳು. ಕನಕರಾಜ್ ಸರ್ ಊಟಕ್ಕೆ ಹೋಗುವ ಮುಂಚೆ ಬೆನ್ನ ಹಿಂದೆ ನಿಂತು ನೋಡಿದರು, ನೋಡಿ ಸುಮ್ಮನೆ ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು, ಈ ಕಲ್ಲು ಒಡಿಯೋದೆಲ್ಲ ನಟನೆ ಅನಸ್ತೈತಮ್ಮ ಗಂಗೋತ್ರಿ, ಚಲೋ ಐತಿ, ಆದ್ರ ನಟನೆ, ಅಂದರು, ಮುಂದ ಓಡಿಸು ಅಂದರು, ಮುಂದ ಏನಿಲ್ಲ ಸರ್, ಕಟ್ ಅಂದಮ್ಯಾಲೆ ಗಾದಿಲಿಂಗ ಕ್ಯಾಮೆರಾ ಆಫ್ ಮಾಡೋದು ಮರ್ತಾನ, ಇಪ್ಪತ್ತೆರಡು ನಿಮಿಷ ಸುಮ್ನ ಓಡೈತಿ, ಬರೀ ಕಸ — ಆ ಕಸಾನೇ ತೋರ್ಸು ಅಂದರು. ತೋರಿಸಿದಳು, ಸದ್ದಿಲ್ಲದೆ, ಓಡಿಸಿ ಓಡಿಸಿ. ಅವ್ವ ಸುತ್ತಿಗೆ ಕೆಳಗಿಟ್ಟು ನೆಲದ ಮೇಲೆ ಕೂತಿದ್ದಾಳೆ, ಒಂದು ಕೈ ಹಣೆಗೆ ಅಡ್ಡ ಹಿಡಿದು ಇತ್ತ ನೋಡುತ್ತಾಳೆ, ಅಷ್ಟೇ. ಇದು ನೋಡು ನಿನ್ನ ಸಿನಿಮಾ, ಇದನ್ನ ಕೊನಿಗೆ ಹಾಕು, ಅಂದು ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟೇ ಹೋದರು, ಹತ್ತು ದಿನದ ದುಡಿಮೆ ನಟನೆಯಂತೆ, ಮರೆವಿನಿಂದ ಸಿಕ್ಕಿದ್ದು ಸಿನಿಮಾವಂತೆ, ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ತನ್ನ ಕಥೆ, ಹಾಗಿದ್ದರೆ ಬಹುಮಾನ ಕ್ಯಾಮೆರಾ ಹಿಡಿದ ಕ್ಲಾಸ್‌ಮೇಟ್ ಗಾದಿಲಿಂಗನಿಗೇ ಕೊಡಲಿ, ಒಗ್ಗರಣೆ ಮಿರ್ಚಿ ತಿಂದ ಎಣ್ಣೆಗೈಯಲ್ಲೇ ಲೆನ್ಸ್ ಮುಟ್ಟುವ ಆ ಮಹಾನುಭಾವನಿಗೆ.

ಮೊದಲು ಅಂದುಕೊಂಡದ್ದು ಧೂಳಿನ ಸಿನಿಮಾ. ಅದಿರಿನ ಲಾರಿಗಳು ಹಾದು ಹಾದು ಊರ ಮೇಲೆಲ್ಲ ಕೂತ ಕೆಂಪು ಧೂಳು, ಅಂಗಳದ ಬೇವಿನ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ನೀರಿನ ಕೊಡದ ಕಂಠದ ಮೇಲೆ, ಅದರ ನಡುವೆ ಒಂದು ಕಾಲಕ್ಕೆ ಗಣಿಯಲ್ಲಿ ಕೈಯಾರೆ ಕಲ್ಲು ಒಡೆದ ಉಚ್ಚೆಂಗಮ್ಮ, ಅಂದರೆ ತನ್ನ ಅವ್ವ, ಈಗ ಶಾಲೆಯಲ್ಲಿ ಬಿಸಿಯೂಟಕ್ಕೆ ಸಾಂಬಾರು ಕುದಿಸುವವಳು, ಮತ್ತೊಮ್ಮೆ ಸುತ್ತಿಗೆ ಹಿಡಿಯುತ್ತಾಳೆ, ಮಾತಿಲ್ಲ, ಬರೀ ಕೈ, ಬರೀ ಕಲ್ಲು — ನೋಟ್‌ಬುಕ್ಕಿನಲ್ಲಿ ಎಷ್ಟು ಚಂದ ಇತ್ತು! ಕೆಟ್ಟದ್ದು ಹಿಂದಿನ ದಿನ ಫೋನ್ ಮಾಡಿದ್ದರಿಂದ. ಅವ್ವಾ, ನಾಳೆ ಕ್ಯಾಮೆರಾ ತರ್ತೀವಿ, ಮನಿ ಹೆಂಗೈತಿ ಹಂಗ ಇರ್ಲಿ, ನೀ ಏನೂ ಮಾಡಬ್ಯಾಡ — ಏನೂ ಮಾಡಬೇಡ ಅಂದರೆ ನಮ್ಮ ಕಡೆ ಯಾವ ತಾಯಿ ಕೇಳಿದ್ದಾಳೆ, ಹೊಸಪೇಟೆಯಿಂದ ಬಸ್ಸು ಹತ್ತಿ, ಸಂಡೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು, ಟ್ರೈಪಾಡು ಮಡಿಲಲ್ಲಿ ಕೂಸಿನಂತೆ ಹೊತ್ತು ಹೋಗಿ ಇಳಿದರೆ ಅಂಗಳ ಸಾರಿಸಿ ರಂಗೋಲಿ, ಗೋಡೆಗೆ ಸುಣ್ಣ, ಬೇವಿನ ಗಿಡದ ಎಲೆ ಎಲೆಯಿಂದಲೂ ನೀರು ತೊಟ್ಟಿಕ್ಕುತ್ತಿದೆ, ಪಕ್ಕದ ಮನೆಯ ಗಾಳೆಮ್ಮನ ಪೈಪು ತಂದು ಗಿಡಕ್ಕೂ ಸ್ನಾನ ಮಾಡಿಸಿದ್ದಾಳೆ ಪುಣ್ಯಾತ್ಗಿತ್ತಿ. ಯಾಕವ್ವಾ ಎಲಿ ತೊಳದಿ ಅಂದರೆ, ನಾಕ್ ಮಂದಿ ನೋಡೂವಂಥಾದ್ದು, ಉಚ್ಚೆಂಗಿ ಮನಿಗೆ ಧೂಳು ಹಿಡದೈತಿ ಅನ್ನಂಗಿಲ್ಲೇನು, ಅಂದಳು, ಧೂಳಿನ ಸಿನಿಮಾದಿಂದ ಧೂಳೇ ಹೋಯಿತು. ಮೈಮೇಲೆ ಯುಗಾದಿಯ ಸೀರೆ, ಮುಖಕ್ಕೆ ಪೌಡರು, ಬಾಗಿಲ ಮುಂದೆ ಗಾಳೆಮ್ಮನ ಮನೆಯದೇ ಕೈಯಿರುವ ಪ್ಲಾಸ್ಟಿಕ್ ಕುರ್ಚಿ, ಅದನ್ನೂ ತೊಳೆದಿಟ್ಟಿದ್ದಾಳೆ. ನಾ ಇದರ ಮ್ಯಾಲೆ ಕುಂತು ಎಲ್ಲಾ ಹೇಳ್ತೀನಿ ಗಂಗಿ, ಕಲ್ಲು ಹೆಂಗ ಒಡಿತಿದ್ವಿ, ದಿನಕ್ಕ ಎಷ್ಟು ಪುಟ್ಟಿ ತುಂಬತಿದ್ವಿ, ಟೀವಿಯಾಗ ದೊಡ್ಡ ಮಂದಿ ಹೇಳಂಗಿಲ್ಲೇನು, ಹಂಗ. ಆಗ ಮೂರು ವರ್ಷದ ಓದೆಲ್ಲ ಒಮ್ಮೆಲೇ ನಾಲಿಗೆಯ ತುದಿಗೆ ಬಂತು ಗಂಗೋತ್ರಿಗೆ, ಅವ್ವಾ, ಸಿನಿಮಾದಾಗ ಹೇಳಬಾರ್ದು, ತೋರಸ್ಬೇಕು. ತೋರ್ಸಾಕ ಏನೈತಿ, ನೆಲದಾಗ ಕುಂತಿದ್ವಿ, ಅಷ್ಟ. ಅದೇ ಬೇಕವ್ವಾ, ಅದೇ! ಅವ್ವ ಕುರ್ಚಿಯನ್ನೇ ನೋಡಿದಳು, ಒಳಗೆ ಹೋಗಿ ಸೀರೆ ಬದಲಿಸಿ ಬಂದಳು, ಮಂಚದ ಕೆಳಗಿನಿಂದ ಹಳೆಯ ಸುತ್ತಿಗೆ ತಂದಳು, ಅಂಗಳದ ಆಚೆಯ ಬಯಲಲ್ಲಿ ನೆಲದ ಮೇಲೆ ಕೂತಳು. ಕುರ್ಚಿ ಖಾಲಿ ಇತ್ತಲ್ಲ, ಅದನ್ನು ಫ್ರೇಮಿನಿಂದ ಆಚೆ ಬೇವಿನ ನೆರಳಿಗೆ ಎಳೆದುಕೊಂಡು ಗಂಗೋತ್ರಿಯೇ ಕೂತಳು, ಡೈರೆಕ್ಟರ್ ಅಂದ ಮೇಲೆ ಕೂರಬೇಕಲ್ಲ.

ಮೊದಲ ಟೇಕಿನಲ್ಲಿ ಅವ್ವ ಕ್ಯಾಮೆರಾ ನೋಡಿ ನಕ್ಕಳು, ಎರಡನೆಯದಕ್ಕೆ ಗಾಳೆಮ್ಮ ಬೇಲಿಯಿಂದ ಇಣುಕಿ ಏನ್ ಮಾಡಾಕತ್ತೀಯಲೇ ಉಚ್ಚೆಂಗಿ, ಮತ್ತ ಗಣಿಗೆ ಹೊಂಟೀಯೇನು ಅಂದಳು, ಮೂರನೆಯದಕ್ಕೆ ಟ್ರ್ಯಾಕ್ಟರಿನವನು ಹಾಡು ಹಾಕಿಕೊಂಡು ಹೋದ, ನಾಲ್ಕನೆಯದಕ್ಕೆ ಬ್ಯಾಟರಿ, ಐದನೆಯದು ಆಗಿಯೇ ಹೋಗಿತ್ತು, ಆದರೆ ಅವ್ವನ ಕೈ ಭಾಳ ಜೋರು, ಕಲ್ಲು ಹಿಡಿದ ಎಡಗೈ ಕಾಣುವ ಮೊದಲೇ ಸುತ್ತಿಗೆ ಬಿದ್ದಿರುತ್ತದೆ, ಸ್ವಲ್ಪ ನಿಧಾನಕ್ಕ ಒಡಿಯವ್ವಾ ಅಂದರೆ, ನಿಧಾನಕ್ಕ ಒಡದ್ರ ಕಲ್ಲು ಒಡಿಯಂಗಿಲ್ಲ, ಬೆರಳು ಒಡಿತಾವು ಅನ್ನುತ್ತಾಳೆ, ಆರನೆಯದಕ್ಕೆ ಸ್ವಲ್ಪ ದಣದಂಗ ಕಾಣು ಅಂದಳು ಗಂಗೋತ್ರಿ — ಅಂದಳಲ್ಲ, ತನ್ನ ಬಾಯಿಂದಲೇ ಬಂತಲ್ಲ ಆ ಮಾತು, ಈಗ ಬಲಗಿವಿಯಲ್ಲಿ ಚೆನ್ನಾಗಿಯೇ ಕೇಳುತ್ತಿದೆ — ದಣದೇ ಇದೀನಲ್ಲ ಅಂದಳು ಅವ್ವ. ಇನ್ನೊಂದ್ಸಲ ಅವ್ವಾ, ಲಾಸ್ಟು. ಆ ಗಣಿ ಮೇಸ್ತ್ರಿ ಸೈತ ಇಷ್ಟು ಸಲ ಹೇಳ್ತಿರ್ಲಿಲ್ಲ ಬಿಡು ಗಂಗಿ. ನಗುತ್ತಲೇ ಅಂದಳು, ಗಾದಿಲಿಂಗ ನಕ್ಕ, ಗಾಳೆಮ್ಮ ನಕ್ಕಳು, ತಾನೂ ನಕ್ಕಳು. ಏಳನೆಯ ಟೇಕು ಓಕೆ ಆಯಿತು, ಕಟ್ ಅಂದಳು, ಗಾಳೆಮ್ಮ ಚಹಾ ತಂದಳು, ಬೇವಿನ ನೆರಳಲ್ಲಿ ಗಾದಿಲಿಂಗನ ಜೊತೆ ಮುಂದಿನ ಶಾಟಿನ ಲೆಕ್ಕಾಚಾರ, ತೆಕ್ಕಲಕೋಟೆಯ ಅವನ ಮಾವನ ಮದುವೆಯ ಕಥೆ, ಮತ್ತೆ ನಗು, ಅವ್ವ ಎಲ್ಲಿ ಅಂತ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಕ್ಯಾಮೆರಾ ಬಿಚ್ಚಲು ಹೋದಾಗ ನೋಡಿದರೆ ಅವ್ವ ಬಿಸಿಲಲ್ಲೇ ಕೂತಿದ್ದಾಳೆ, ಅಯ್ಯ ಇನ್ನಾ ಇಲ್ಲೇ ಕುಂತೀಯೇನವ್ವಾ, ಮುಗೀತಲ್ಲ, ಅಂದರೆ, ನೀ ಏಳು ಅನ್ನಲಿಲ್ಲಲ್ಲ ಅಂದಳು. ಏನ್ ಅವ್ವನೋ ಏನೋ ಅಂತ ಹಣೆ ಚಚ್ಚಿಕೊಂಡಿದ್ದಳು ಆಗ ಗಂಗೋತ್ರಿ, ಬಸ್ಸಿನಲ್ಲಿ ಗಾದಿಲಿಂಗನೂ ಅದನ್ನೇ ಜೋಕು ಮಾಡಿಕೊಂಡು ಬಂದ.

ಸರ್ ಹೇಳಿದ್ದು ಹಾಳಾಗಲಿ, ಒಂದು ನಿಮಿಷ ತಾನೇ, ಎಲ್ಲಿಂದ ಎಲ್ಲಿಗೆ ಕತ್ತರಿಸುವುದು ನೋಡಿಬಿಡೋಣ, ಸದ್ದಿನ ಸಮೇತ — ಕಿರ್, ಕಿರ್, ಬಟ್ಟೆ ಉಜ್ಜುವ ಸರಸರ, ಉಸಿರು, ಹೌದಲ್ಲ, ಕಾಲರ್ ಮೈಕು ಅವ್ವನ ಸೆರಗಿನ ಒಳಗೇ ಉಳಿದಿತ್ತು, ಅದನ್ನು ತೆಗೆಯುವುದನ್ನೂ ಮರೆತಿದ್ದರು, ದೂರದಲ್ಲೆಲ್ಲೋ ಯಾರೋ ಹೆಂಗಸು ಜೋರಾಗಿ ನಗುತ್ತಾಳೆ, ಎಂಥ ಅಸಹ್ಯ ನಗು, ಯಾರಪ್ಪಾ ಇವಳು — ತಾನೇ. ಅವ್ವ ಹಣೆಗೆ ಕೈ ಅಡ್ಡ ಹಿಡಿದು ಇತ್ತ ತಿರುಗುತ್ತಾಳೆ, ತುಟಿ ಅಲ್ಲಾಡುತ್ತದೆ, ಏಳಲೇನ್ರಿ. ಏನಂದಳು? ಹಿಂದಕ್ಕೆ ಓಡಿಸಿದಳು, ಬಲಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದಳು, ಸಣ್ಣ ದನಿ, ಯಾರಿಗೂ ಕೇಳಿಸಬಾರದು ಅನ್ನುವಂಥ ದನಿ, ಏಳಲೇನ್ರಿ. ಯಾರಿಗೆ ಅನ್ನುತ್ತಿದ್ದಾಳೆ ಹಾಗೆ, ಅಲ್ಲಿ ಕುರ್ಚಿಯಲ್ಲಿ ಕೂತಿದ್ದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಗಣಿಯಲ್ಲಿ ಪುಟ್ಟಿ ತುಂಬಿದರೂ ಮೇಸ್ತ್ರಿ ಬಂದು ರಾಶಿ ನೋಡಿ ಏಳ್ರಿ ಅನ್ನುವ ತನಕ ಯಾರೂ ಏಳುವಂತಿರಲಿಲ್ಲ, ಎದ್ದವರಿಗೆ ಮರುದಿನ ಕೆಲಸವಿಲ್ಲ, ಇದು ಗಂಗೋತ್ರಿಗೆ ಗೊತ್ತಿಲ್ಲದ್ದಲ್ಲ, ಐದಾರು ವರ್ಷದ ಗಂಗಿ ನಿಂತ ಲಾರಿಯ ನೆರಳಲ್ಲಿ ಬನ್ನು ಕಚ್ಚುತ್ತ ಕೂತು, ಆ ಮೇಸ್ತ್ರಿಯ ಚಹಾ ಯಾವಾಗ ಮುಗಿಯುತ್ತದೋ, ಅವ್ವ ಯಾವಾಗ ಏಳುತ್ತಾಳೋ ಅಂತ ಕಾಯುತ್ತಿದ್ದಳು, ಅವನ ಲೋಟ ಬಿದ್ದು ಹೋಗಲಿ ಅಂತ ಶಾಪ ಹಾಕುತ್ತಿದ್ದಳು. ಮೂರನೇ ನಿಮಿಷದಲ್ಲಿ ಒಮ್ಮೆ, ಒಂಬತ್ತರಲ್ಲಿ ಒಮ್ಮೆ, ಹದಿನೇಳರಲ್ಲಿ ಮತ್ತೊಮ್ಮೆ, ಪ್ರತಿ ಸಲವೂ ಕೇಳಿ, ಉತ್ತರ ಬರದೆ, ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮತ್ತೆ ನೆಟ್ಟಗೆ ಕೂರುತ್ತಾಳೆ. ಸರ್ ಹೇಳಿದ್ದು ಸರಿ, ಅದೇ ಮೈಯುರಿ, ಸಿನಿಮಾ ಇರುವುದೇ ಇಲ್ಲಿ, ಇದನ್ನು ಹಾಕಿದರೆ ಮೊದಲ ಬಹುಮಾನಕ್ಕೂ ಮೋಸವಿಲ್ಲ, ಹಾಕದಿದ್ದರೆ ಉಳಿದ ಒಂಬತ್ತು ನಿಮಿಷ ಬರೀ ಸುಳ್ಳು, ಆದರೆ ಶನಿವಾರ ಅವ್ವ ಬರುತ್ತಾಳೆ, ಯುಗಾದಿಯ ಸೀರೆ ಉಟ್ಟು, ಗಾಳೆಮ್ಮನನ್ನೂ ಕರೆದುಕೊಂಡು, ಕಾಲೇಜಿನ ಹಾಲಿನಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ನೂರಾರು ಮಂದಿಯ ನಡುವೆ, ತಾನು ಮಗಳನ್ನು ಏಳಲೇನ್ರಿ ಅಂತ ಕೇಳುವುದನ್ನು ನೋಡುತ್ತಾಳೆ, ಅದನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ, ಚಪ್ಪಾಳೆ ಮಗಳಿಗೆ. ಹಾಕಬೇಕು, ಛೇ, ಹಾಕಬಾರದು, ಕೇಳಿ ಹಾಕಬೇಕು, ಫೋನ್ ಮಾಡಿ ಕೇಳಿದರೆ ನಿನಗ ಚಲೋ ಆಗ್ತದಂದ್ರ ಹಾಕು ಅಂದುಬಿಡುತ್ತಾಳೆ, ಬೇಡ ಅನ್ನುವುದು ಆ ಹೆಂಗಸಿಗೆ ಯಾರು ಕಲಿಸಿದ್ದಾರೆ, ಹಾಗಾದರೆ ಅಳಿಸಿಬಿಡಲೇ, ಅಳಿಸಿದರೆ ಆಗಿದ್ದು ಆಗದೆ ಹೋಗುತ್ತದೆಯೇ, ನಾಚಿಕೆ, ಮೈಯೆಲ್ಲ ನಾಚಿಕೆ, ಮೌಸಿನ ಮೇಲಿನ ಬೆರಳು ಅಲ್ಲಾಡುವುದಿಲ್ಲ, ಇಪ್ಪತ್ತೆರಡನೇ ನಿಮಿಷ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಓಡುತ್ತದೆ, ಬಿಸಿಲು, ನೆಲ, ಹಣೆಗೆ ಅಡ್ಡ ಹಿಡಿದ ಕೈ, ಏಳಲೇನ್ರಿ — ಏಳವ್ವಾ, ಅಂದಳು ಗಂಗೋತ್ರಿ, ಬಾಯಿ ಬಿಟ್ಟು, ಖಾಲಿ ಲ್ಯಾಬಿನಲ್ಲಿ, ಏಳವ್ವಾ, ಮುಗೀತು, ಏಳು — ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ನೆಟ್ಟಗೆ ಕೂತಳು, ಹಣೆಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತ ಕೂತೇ ಇದ್ದಳು.